ಸಭೆ ಎಲ್ಲಿ ಸೇರೋಣ?

ಫೋರ್ಟ್ ಮಿಲ್‌ನ ನಮ್ಮ ಮನೆ ಊಟದ ಮೇಜಿನ ಮೇಲೆ ಆರು ತಿಂಗಳಿಂದ ಒಂದು ನೋಟ್‌ಬುಕ್ ಬಿದ್ದಿದೆ. ಮೊದಲ ಪುಟದಲ್ಲಿ ನನ್ನ ಹೆಂಡತಿಯ ಅಕ್ಷರದಲ್ಲಿ ಮೂರು ಸಾಲು: ಜನ ಎಷ್ಟು, ಊಟ ಏನು, ಮಲಗೋದು ಎಲ್ಲಿ. ಈಗ ನೋಟ್‌ಬುಕ್ ಮುಕ್ಕಾಲು ತುಂಬಿದೆ. ಮೂರು ಪ್ರಶ್ನೆಗಳಲ್ಲಿ ಊಟದ್ದೊಂದು ಮಾತ್ರ ತೀರ್ಮಾನವಾಗಿದೆ.

ವಿಷಯ ಇಷ್ಟೇ. ನಾವು ಒಂಬತ್ತು ಮನೆಯವರು ಕೆಜಿಎಫ್‌ನಿಂದ ಬಂದವರು. ಶಾರ್ಲೆಟ್ ಸುತ್ತಮುತ್ತ ನಾಲ್ಕು ಮನೆ, ಅಟ್ಲಾಂಟಾದಲ್ಲಿ ಮೂರು, ವರ್ಜೀನಿಯಾದಲ್ಲಿ ಒಂದು, ದೂರದ ಫೀನಿಕ್ಸ್‌ನಲ್ಲಿ ಒಂದು. ಎಲ್ಲರ ಅಪ್ಪಂದಿರೂ ಗಣಿಯಲ್ಲಿ ದುಡಿದವರು. ಮನೆಮಾತು ಕೆಲವರದು ಕನ್ನಡ, ಕೆಲವರದು ತಮಿಳು, ಒಬ್ಬರದು ತೆಲುಗು. ಸಿನಿಮಾ ಬಂದ ಮೇಲೆ ಕೆಜಿಎಫ್ ಅಂದರೆ ಎಲ್ಲರಿಗೂ ಗೊತ್ತು, ಆದರೆ ಗೊತ್ತಿರೋದು ಸಿನಿಮಾ ಮಾತ್ರ. ಆಫೀಸಿನಲ್ಲಿ ಒಬ್ಬ ಹುಡುಗ "ಅಂಕಲ್, ನಿಜವಾಗಲೂ ಅಲ್ಲಿ ಬಂಗಾರ ಇತ್ತಾ?" ಅಂತ ಕೇಳಿದ. ಇತ್ತಪ್ಪಾ. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ತೆಗೆದರು.

ಎಲ್ಲರೂ ಒಂದು ಸಲ ಸೇರೋಣ, ಮಕ್ಕಳಿಗೆ ಗಣಿ ಊರು ಅಂದರೆ ಏನು ಅಂತ ತೋರಿಸೋಣ ಅನ್ನೋದು ಯೋಜನೆ. ಎಲ್ಲಿ ಸೇರೋದು ಅನ್ನೋದರಲ್ಲೇ ಮೊದಲ ಜಗಳ.

ಫೀನಿಕ್ಸ್ ಗೆಳೆಯ ಹೇಳಿದ್ದು ಬಿಸ್ಬಿ. "ನಮ್ಮೂರಂಥ ಊರು ಇಲ್ಲೇ ಇದೆ, ಬಂದು ನೋಡಿ ಮಾತಾಡಿ" ಅಂದ. ಹೋಗಿ ನೋಡಿದೆವು. ಫೀನಿಕ್ಸ್‌ನಿಂದ ಕಾರಿನಲ್ಲಿ ಮೂರೂವರೆ ಗಂಟೆ. ಟೂಸಾನ್ ದಾಟಿ, ಬೆನ್ಸನ್ ದಾಟಿ, ಟೂಂಬ್‌ಸ್ಟೋನ್ ದಾಟಿದರೆ ಗುಡ್ಡಕ್ಕೆ ಕೊರೆದ ಒಂದು ಸುರಂಗ ಬರುತ್ತೆ. ಅದರಿಂದ ಹೊರಗೆ ಬಂದರೆ ಊರು ಕಾಲ ಕೆಳಗೆ, ಕಣಿವೆಯಲ್ಲಿ ಗೂಡಿನಂತೆ ಅಂಟಿಕೊಂಡಿರುತ್ತೆ. ಸುತ್ತ ಮರುಭೂಮಿ, ಮೆಕ್ಸಿಕೋ ಗಡಿ ಹತ್ತು ಮೈಲಿ ದೂರವೂ ಇಲ್ಲ. ತಾಮ್ರದ ಗಣಿ. 1975ರಲ್ಲಿ ಫೆಲ್ಪ್ಸ್ ಡಾಜ್ ಕಂಪನಿ ಗಣಿಗಾರಿಕೆ ನಿಲ್ಲಿಸಿತು. ಮರುವರ್ಷವೇ ಊರಿನವರು ಕ್ವೀನ್ ಗಣಿಯ ಹಳೇ ಸುರಂಗವನ್ನು ಪ್ರವಾಸಿಗಳಿಗೆ ತೆರೆದರು. ಕೆಲಸ ಕಳೆದುಕೊಂಡ ಗಣಿ ಕಾರ್ಮಿಕರೇ ಗೈಡ್‌ಗಳಾದರು.

ನಾವೂ ಹೆಲ್ಮೆಟ್, ದೀಪ ಕಟ್ಟಿಕೊಂಡು ಪುಟ್ಟ ರೈಲಿನ ಮೇಲೆ ಕುದುರೆ ಹತ್ತಿದ ಹಾಗೆ ಕೂತು ಒಳಗೆ ಹೋದೆವು. ಒಳಗೆ ವರ್ಷವಿಡೀ 47 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಎಂಟು ಡಿಗ್ರಿ. ನನ್ನ ಮಗಳು ನಡುಗುತ್ತಾ "ಅಜ್ಜನ ಗಣೀನೂ ಹೀಗೇ ತಣ್ಣಗಿತ್ತಾ?" ಅಂದಳು. ಇಲ್ಲಮ್ಮ, ಅದು ತಿರುಗಾಮುರುಗಾ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗಿಂತ ಆಳ, ತಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಗಾಳಿ ತಂಪು ಮಾಡಿ ಕಳಿಸದಿದ್ದರೆ ಮನುಷ್ಯ ನಿಲ್ಲೋಕೆ ಆಗ್ತಿರಲಿಲ್ಲ.

ಗೈಡ್ ಒಂದು ಹಿತ್ತಾಳೆ ಬಿಲ್ಲೆ ತೋರಿಸಿದರು. ಒಳಗೆ ಹೋಗುವಾಗ ನಂಬರ್ ಬಿಲ್ಲೆ, ಹೊರಗೆ ಬಂದ ಮೇಲೆ ಅದು ಹಲಗೆ ಮೇಲೆ ವಾಪಸ್. ಶಿಫ್ಟ್ ಮುಗಿದ ಮೇಲೂ ಯಾವ ಮೊಳೆ ಖಾಲಿ ಇರುತ್ತೋ ಅವನು ಇನ್ನೂ ಕೆಳಗಿದ್ದಾನೆ. ನಮ್ಮಪ್ಪ ಟೈಮ್ ಆಫೀಸಿನಲ್ಲಿ ಮೂವತ್ತು ವರ್ಷ ನೋಡಿದ್ದು ಇದನ್ನೇ. ನಮ್ಮೂರಲ್ಲಿ 'ಏರ್ ಬ್ಲಾಸ್ಟ್' ಅಂತಿದ್ದೆವು, ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಅಡುಗೆಮನೆಯ ತಟ್ಟೆ ಲೋಟ ಗಲಗಲ ಅನ್ನೋದು. ಅಮ್ಮ ಒಲೆ ಆರಿಸಿ ಬಾಗಿಲಿಗೆ ಬಂದು ನಿಲ್ಲೋರು. ಇಡೀ ಲೈನ್‌ನ ಹೆಂಗಸರು ಬಾಗಿಲಿಗೆ. ಯಾರೂ ಮಾತಾಡ್ತಿರಲಿಲ್ಲ. ಅಪ್ಪ ಆ ದಿನ ತಡವಾಗಿ ಬಂದರೆ ಹಲಗೆ ಮೇಲೆ ಮೊಳೆ ಖಾಲಿ ಇತ್ತು ಅಂತ ಅರ್ಥ. ಇದನ್ನೆಲ್ಲ ಮಗಳಿಗೆ ನಾನು ಯಾವತ್ತೂ ಹೇಳಿರಲಿಲ್ಲ. ಅರಿಜೋನಾದ ಸುರಂಗದಲ್ಲಿ ಹೇಳಬೇಕಾಯಿತು.

ಗುಂಪಾಗಿ ಸೇರೋಕೆ ಬಿಸ್ಬಿ ಚೆನ್ನಾಗಿದೆ, ನಿಮ್ಮಲ್ಲಿ ಯಾರಾದರೂ ಅಂಥ ಊರಿಗೆ ಹೋಗೋದಾದರೆ ಉಪಯೋಗವಾಗಲಿ ಅಂತ ಬರೀತೀನಿ. ದೊಡ್ಡ ಹೋಟೆಲ್ ಇಲ್ಲ. 1902ರ ಕಾಪರ್ ಕ್ವೀನ್ ಹೋಟೆಲ್ ಇದೆ, ಮಿಕ್ಕಿದ್ದೆಲ್ಲ ಸಣ್ಣ ಸಣ್ಣವು, ಹಾಗಾಗಿ ಮೂವತ್ತು ಜನ ಅಂದರೆ ಮೂರು ನಾಲ್ಕು ಕಡೆ ಹಂಚಿಹೋಗ್ತೀರಿ. ಊರೆಲ್ಲ ಮೆಟ್ಟಿಲು. ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ರೂಮು ಬುಕ್ ಮಾಡೋ ಮೊದಲು ಫೋನ್ ಮಾಡಿ "ರಸ್ತೆಯಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು" ಅಂತ ಕೇಳಿ. ಮರುಭೂಮಿ ಅಂತ ತೆಳು ಬಟ್ಟೆ ತಗೊಂಡು ಹೋಗಬೇಡಿ. ಊರು ಐದು ಸಾವಿರ ಅಡಿಗಿಂತ ಎತ್ತರದಲ್ಲಿದೆ, ಸಂಜೆಯಾದರೆ ಚಳಿ. ಇನ್ನೊಂದು, ವೀಸಾದಲ್ಲಿರೋರು ಪಾಸ್‌ಪೋರ್ಟ್, ಐ-94, ಗ್ರೀನ್ ಕಾರ್ಡ್ ಇದ್ದವರು ಕಾರ್ಡು, ಮೂಲ ಪ್ರತಿಗಳನ್ನೇ ಜೊತೆಗಿಟ್ಟುಕೊಳ್ಳಿ. ಗಡಿಯಿಂದ ಉತ್ತರಕ್ಕೆ ವಾಪಸ್ ಬರೋ ಹೆದ್ದಾರಿಗಳಲ್ಲಿ ಬಾರ್ಡರ್ ಪೆಟ್ರೋಲ್ ತಪಾಸಣೆ ಇರುತ್ತೆ. ನಮ್ಮನ್ನೂ ಕೇಳಿದರು. ಫೀನಿಕ್ಸ್ ಗೆಳೆಯ ಮೊದಲೇ ಹೇಳಿದ್ದರಿಂದ ಬಚಾವ್.

ಸಂಜೆ ಊರೊಳಗೆ ತಿರುಗಾಡುವಾಗ ಅಲ್ಲಿನ ಒಂದು ಕಥೆ ಕಿವಿಗೆ ಬಿತ್ತು. 1917ರಲ್ಲಿ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಜುಲೈ 12ರ ಬೆಳಗಿನ ಜಾವ ಬಂದೂಕು ಹಿಡಿದವರು ಮನೆ ಮನೆಗೆ ಹೋಗಿ ಸುಮಾರು 1,200 ಜನರನ್ನು ಎಬ್ಬಿಸಿ, ದನ ಸಾಗಿಸೋ ರೈಲು ಡಬ್ಬಿಗಳಿಗೆ ತುಂಬಿ, ನ್ಯೂ ಮೆಕ್ಸಿಕೋದ ಮರಳುಗಾಡಿನಲ್ಲಿ ಬಿಟ್ಟುಬಂದರು. ಅವರಲ್ಲಿ ಬಹಳಷ್ಟು ಜನ ಬೇರೆ ದೇಶಗಳಿಂದ ಕೆಲಸಕ್ಕೆ ಬಂದವರು. ಆ ರಾತ್ರಿ ಹೋಟೆಲ್ ರೂಮಿನಲ್ಲಿ ನನ್ನ ಹೆಂಡತಿ ಲೈಟ್ ಆರಿಸಿದ ಮೇಲೆ ತುಂಬ ಹೊತ್ತು ಎಚ್ಚರವಾಗಿದ್ದಳು. ಆಮೇಲೆ "ಇಲ್ಲಿ ಪಾರ್ಟಿ ಬೇಡ" ಅಂದಳು. ಯಾಕೆ ಅಂತ ನಾನೂ ಕೇಳಲಿಲ್ಲ. ನಮ್ಮೂರಲ್ಲೂ 1930ರಲ್ಲಿ ಕೆಲಸಗಾರರ ಬೆರಳಚ್ಚು ತಗೊಳ್ತೀವಿ ಅಂತ ಹೊರಟಾಗ ಇಡೀ ಗಣಿ ನಿಂತುಹೋಗಿತ್ತು. ಅಜ್ಜ ಹೇಳ್ತಿದ್ದರು, ಅದು ಅವರಪ್ಪನ ಕಾಲದ್ದು.

ಬಿಸ್ಬಿ ಬಿದ್ದುಹೋಯಿತು. ಆಗ ಅಟ್ಲಾಂಟಾದವರು "ಅಷ್ಟು ದೂರ ಯಾಕೆ, ನಿಮ್ಮ ಮನೆ ಪಕ್ಕದಲ್ಲೇ ಬಂಗಾರದ ಗಣಿ ಇದೆಯಲ್ಲ" ಅಂದರು. ಅದೂ ನಿಜ. ಫೋರ್ಟ್ ಮಿಲ್‌ನಿಂದ ಒಂದು ಗಂಟೆ ದಾರಿಯಲ್ಲಿ ರೀಡ್ ಗೋಲ್ಡ್ ಮೈನ್. 1799ರಲ್ಲಿ ಕಾನ್ರಾಡ್ ರೀಡ್ ಅನ್ನೋ ಹನ್ನೆರಡು ವರ್ಷದ ಹುಡುಗನಿಗೆ ತೊರೆಯಲ್ಲಿ ಹದಿನೇಳು ಪೌಂಡ್ ತೂಕದ ಹಳದಿ ಕಲ್ಲು ಸಿಕ್ಕಿತು. ಏನೆಂದು ಗೊತ್ತಾಗದೆ ಮನೆಯವರು ಮೂರು ವರ್ಷ ಬಾಗಿಲಿಗೆ ಒತ್ತುಕಲ್ಲಾಗಿ ಇಟ್ಟುಕೊಂಡಿದ್ದರು. 1802ರಲ್ಲಿ ಒಬ್ಬ ಆಭರಣ ವ್ಯಾಪಾರಿ ಎಷ್ಟಕ್ಕೆ ಕೊಡ್ತೀರಿ ಅಂದ. ಅಪ್ಪ ಮೂರೂವರೆ ಡಾಲರ್ ಅಂದ. ಅದರ ನಿಜವಾದ ಬೆಲೆ ಮೂರೂವರೆ ಸಾವಿರ ಡಾಲರ್‌ಗಿಂತ ಹೆಚ್ಚು. ಈ ಭಾಗದ ಬಂಗಾರಕ್ಕಾಗಿಯೇ 1837ರಲ್ಲಿ ಶಾರ್ಲೆಟ್‌ನಲ್ಲಿ ಸರ್ಕಾರಿ ಟಂಕಸಾಲೆ ಶುರುವಾಯಿತು. ನಾವು ದಿನಾ ಬೆಳಿಗ್ಗೆ ಬ್ಯಾಂಕಿನ ಕೆಲಸಕ್ಕೆ ಓಡೋ ಊರಿನಲ್ಲೇ!

ಮೇ ತಿಂಗಳ ಒಂದು ಶನಿವಾರ ಅಲ್ಲಿಗೆ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋದೆವು. ಮಕ್ಕಳು ಬಾಣಲೆಯಂಥ ತಟ್ಟೆಯಲ್ಲಿ ಮರಳು ಜಾಲಿಸಿ ಕೂದಲೆಳೆಯಷ್ಟು ಹೊಳಪು ಹುಡುಕಿ ಖುಷಿಪಟ್ಟರು. ಅಟ್ಲಾಂಟಾದ ಅಕ್ಕ "ಮಾರಿಕುಪ್ಪಂ, ಊರಿಗಾಂ ಹೆಂಗಸರು ಇದನ್ನೇ ಮಾಡ್ತಿದ್ದರು, ಯಾರೂ ಟಿಕೆಟ್ ಕೊಟ್ಟು ಬರ್ತಿರಲಿಲ್ಲ" ಅಂತ ನಕ್ಕರು. 1802ರಲ್ಲಿ ಜಾನ್ ವಾರೆನ್ ಅನ್ನೋ ಬ್ರಿಟಿಷ್ ಲೆಫ್ಟಿನೆಂಟ್ ನಮ್ಮ ಕಡೆಗೆ ಬಂದಾಗ ನೋಡಿದ್ದು ಹೀಗೆ ಮಣ್ಣು ಜಾಲಿಸೋ ಹಳ್ಳಿ ಜನರನ್ನೇ. ಅಲ್ಲಿ ಮೂರೂವರೆ ಡಾಲರ್‌ಗೆ ಕಲ್ಲು ಮಾರಿದ ವರ್ಷವೇ ಇಲ್ಲಿ ವಾರೆನ್. ಅವನು ಬರೆದಿಟ್ಟದ್ದನ್ನು ಎಪ್ಪತ್ತು ವರ್ಷದ ಮೇಲೆ ಓದಿ ಗಣಿ ಹುಡುಕಿಕೊಂಡು ಬಂದವನು ಲ್ಯಾವೆಲ್, ಬೆಂಗಳೂರಿನ ಲ್ಯಾವೆಲ್ ರಸ್ತೆಯವನೇ. ಆಮೇಲೆ 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಬಲ್ಲವರನ್ನು ಕರೆಸಿತು. ಅದೇ ಕಾರ್ನ್‌ವಾಲ್‌ನವರು ಇಲ್ಲಿ ನಾರ್ತ್ ಕೆರೊಲಿನಾದ ಗೋಲ್ಡ್ ಹಿಲ್‌ಗೂ, ಅಲ್ಲಿ ಬಿಸ್ಬಿಗೂ ಬಂದಿದ್ದರು. ಊರೂರು ಅಲೆದು ದುಡಿಯೋದು ನಾವು ಕಂಡುಹಿಡಿದದ್ದೇನೂ ಅಲ್ಲ.

ಪಿಕ್‌ನಿಕ್ ಚೆನ್ನಾಗಾಯಿತು, ಆದರೆ ಸಭೆ ಆಗಲಿಲ್ಲ. ಊಟವಾದ ಮೇಲೆ ಮರದ ನೆರಳಲ್ಲಿ ಕೂತಾಗ ನಮ್ಮಲ್ಲಿ ಹಿರಿಯರಾದ ಮಾವ, ಮಗಳ ಮನೆಗೆ ಬಂದಿದ್ದವರು, ಕೆಳಗೆ ಇಪ್ಪತ್ತೆಂಟು ವರ್ಷ ದುಡಿದು ಎದೆ ಕೆಡಿಸಿಕೊಂಡವರು, "ಎಲ್ಲ ಸರಿ ಕಣಪ್ಪಾ, ನಮ್ಮೋರು ಯಾರೂ ಇಲ್ವಲ್ಲ ಇಲ್ಲಿ" ಅಂದರು. ಅವರು ಹೇಳಿದ್ದು ಅಲ್ಲೇ ಉಳಿದವರ ಬಗ್ಗೆ.

ಅಲ್ಲಿಗೆ ತೀರ್ಮಾನವಾಯಿತು. ಊರಿಗೇ ಹೋಗೋದು. ಶಾಲೆಯ ಗೆಳೆಯರನ್ನೂ ಕರೆಯೋದು.

ತಾರೀಖಿನ ಮಾತು ಬಂದಾಗ ಫೆಬ್ರವರಿ 28 ಇಡೋಣ ಅಂತ ನಾನೇ ಹೇಳಿದೆ. 2001ರಲ್ಲಿ ಗಣಿ ಮುಚ್ಚಿದ ದಿನ. ಮಾವ ಕೈ ಅಡ್ಡ ಹಿಡಿದರು. "ಅವತ್ತು ಕರೆದರೆ ತಿಥಿ ಊಟಕ್ಕೆ ಕರೆದಂಗಾಗುತ್ತೆ. ಸಂಕ್ರಾಂತಿ ಹತ್ತಿರ ಇಡಿ. ಪೊಂಗಲ್‌ಗೆ ಎಲ್ಲರೂ ಮನೇಲಿರ್ತಾರೆ." ನಮ್ಮ ಬುದ್ಧಿಗೆ ಹೊಳೆಯದ್ದು. ಬೇಸಿಗೆಯಲ್ಲಿ ಸೈನೈಡ್ ದಿಬ್ಬಗಳ ಧೂಳು ಗಾಳಿಗೆ ಏಳುತ್ತೆ, ಜನವರಿಯಲ್ಲಿ ಅದರ ಕಾಟವೂ ಕಡಿಮೆ. ಕಲ್ಲು ಪುಡಿ ಮಾಡಿ ಬಂಗಾರ ತೆಗೆದ ಮೇಲೆ ಉಳಿದ ಮಣ್ಣಿನ ಬೂದು ಗುಡ್ಡಗಳು ಅವು, ಊರಿಗೆ ಊರೇ ಅವುಗಳ ನಡುವೆ ಇದೆ. ನಾವು ಚಿಕ್ಕವರಿದ್ದಾಗ ಅದರ ಮೇಲೆ ಜಾರುಬಂಡೆ ಆಡಿದ್ದೇವೆ. ಸಿನಿಮಾದವರಿಗೂ ಅದು ಮರುಭೂಮಿಯ ಹಾಗೆ ಕಂಡಿದೆ. ಈಗ ನಮ್ಮ ಮಕ್ಕಳನ್ನು ಅಲ್ಲಿ ಬಿಡೋಲ್ಲ ಅಂತ ನೋಟ್‌ಬುಕ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದಾಗಿದೆ.

ಆಮೇಲೆ ನಾವು ಮಾಡಿದ ತಪ್ಪು. ಊರಿಗೆ ಅಂತ ಹೇಳಿದವರೇ, ಲೆಕ್ಕ ಹಾಕುತ್ತಾ ಹಾಕುತ್ತಾ ಬೆಂಗಳೂರು ಹೊರವಲಯದ ಒಂದು ರೆಸಾರ್ಟಿಗೆ ಬಂದು ನಿಂತೆವು. ಏರ್‌ಪೋರ್ಟ್ ಹತ್ತಿರ, ಎಸಿ ರೂಮು, ಈಜುಕೊಳ, ಬಿಸಿನೀರು. ರಾಬರ್ಟ್‌ಸನ್‌ಪೇಟೆಯಲ್ಲಿ ಲಾಡ್ಜ್ ಇದ್ದರೂ ಅಷ್ಟು ಜನಕ್ಕೆ ಒಟ್ಟಿಗೆ ಸಾಲದು. ನೀರು ಟ್ಯಾಂಕರ್‌ನದು. ಇಲ್ಲಿ ಹುಟ್ಟಿದ ಮಕ್ಕಳ ಹೊಟ್ಟೆ ಕೆಟ್ಟರೆ ಏನು ಗತಿ? ಎಲ್ಲ ನ್ಯಾಯವಾದ ಮಾತೇ. ಶನಿವಾರ ಭಾನುವಾರ ರೆಸಾರ್ಟು, ಸೋಮವಾರ ಬಸ್ಸಿನಲ್ಲಿ ಊರು ತೋರಿಸಿ ವಾಪಸ್ ಅಂತ ಮುಂಗಡ ಕಟ್ಟಿದೆವು. ಊರಲ್ಲಿರೋ ಗೆಳೆಯರಿಗೆ ರೂಮು ಊಟ ಎಲ್ಲ ಉಚಿತ, ನಾವು ಹಾಕ್ಕೊಳ್ತೀವಿ ಅಂತ ಹೆಮ್ಮೆ ಬೇರೆ.

ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಹತ್ತನೇ ತರಗತಿ ಮುಗಿಸಿದವನಿಗೆ ಫೋನ್ ಮಾಡಿದೆ. ಗಣಿ ಮುಚ್ಚಿದ ಮೇಲೆ ಅವನು ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದ. ಕೆಜಿಎಫ್‌ನ ಸಾವಿರಾರು ಜನ ಬೆಳಗಿನ ಕತ್ತಲಲ್ಲೇ ಮಾರಿಕುಪ್ಪಂನಿಂದ ಬರೋ ರೈಲು ಹಿಡಿದು, ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗಿ, ರಾತ್ರಿ ಅದೇ ದಾರಿಯಲ್ಲಿ ವಾಪಸ್ ಬರ್ತಾರೆ. ಅವರಲ್ಲಿ ಇವನೂ ಒಬ್ಬ.

"ಪ್ರೋಗ್ರಾಂ ಎಷ್ಟು ಹೊತ್ತಿಗೆ?" ಅಂದ.

"ಶನಿವಾರ ಹತ್ತಕ್ಕೆ ಶುರು. ರೂಮಿದೆ ಕಣೋ, ಮನೆಯವರನ್ನೂ ಕರ್ಕೊಂಡು ಬಾ."

"ಶನಿವಾರ ಡ್ಯೂಟಿ. ರಜಾ ಹಾಕಿದರೆ ಸಂಬಳ ಹಿಡೀತಾರೆ."

"ಭಾನುವಾರ ಬೆಳಿಗ್ಗೆ ಬಾ ಹಾಗಾದರೆ."

ಸ್ವಲ್ಪ ಹೊತ್ತು ಅವನು ಸುಮ್ಮನಿದ್ದ. "ವಾರದಲ್ಲಿ ನಾನು ಆ ರೈಲು ಹತ್ತದೇ ಇರೋದು ಅದೊಂದೇ ದಿನ ಕಣೋ. ಅವತ್ತೂ ಬೆಂಗಳೂರಿಗೆ ಬಾ ಅಂತೀಯಲ್ಲ."

ಅವನು ಕೋಪದಲ್ಲಿ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ನನಗೆ ಫೋರ್ಟ್ ಮಿಲ್ ನೆನಪಾಯಿತು, ಅಂದರೆ ನಾನಿರೋ ಊರೇ. ಇದೂ ಗಿರಣಿ ಊರು. 1887ರಲ್ಲಿ ಇಲ್ಲಿ ಹತ್ತಿ ಗಿರಣಿ ಕಂಪನಿ ಶುರುವಾಯಿತು, ನೂರು ವರ್ಷಕ್ಕೂ ಹೆಚ್ಚು ಊರು ಅದನ್ನೇ ನಂಬಿಕೊಂಡಿತ್ತು. ಗಿರಣಿ ಹೋದ ಮೇಲೆ ಶಾರ್ಲೆಟ್ ಹತ್ತಿರವಿದ್ದದ್ದು ಈ ಊರಿನ ಪುಣ್ಯ. ಈಗ ಬೆಳಿಗ್ಗೆ ನಾವೆಲ್ಲ ಐ-77ರಲ್ಲಿ ಸಾಲಾಗಿ ನಿಂತು ರಾಜ್ಯದ ಗಡಿ ದಾಟಿ ಕೆಲಸಕ್ಕೆ ಹೋಗ್ತೀವಿ. ಟ್ರಾಫಿಕ್ ಅಂತ ಗೊಣಗ್ತೀವಿ. ಅವನದೂ ಅದೇ ಕಥೆ, ಆದರೆ ಅವನು ಹೋಗೋದು ನೂರು ಕಿಲೋಮೀಟರ್, ಬಹಳ ದಿನ ನಿಂತುಕೊಂಡೇ.

ಮುಂದಿನ ಭಾನುವಾರದ ಕಾಲ್‌ನಲ್ಲಿ ರೆಸಾರ್ಟ್ ಬೇಡ ಅಂದೆ. ಜಗಳವಾಯಿತು. ವರ್ಜೀನಿಯಾದವರು ಎರಡು ವಾರ ಮಾತು ಬಿಟ್ಟರು. ಮುಂಗಡ ವಾಪಸ್ ಬರಲಿಲ್ಲ, ಅದು ಬರೋದೂ ಇಲ್ಲ. ಒಂಬತ್ತು ಮನೆಗೆ ಹಂಚಿಕೊಂಡೆವು. ಕೊನೆಗೆ ಎಲ್ಲರನ್ನೂ ಒಪ್ಪಿಸಿದ್ದು ಮಾವನೇ, "ಕತ್ತಲಲ್ಲಿ ಎರಡು ಮೈಲಿ ಕೆಳಗೆ ಹೋಗಿ ಬಂದಿದ್ದೀನಿ, ನೀವು ಟ್ಯಾಂಕರ್ ನೀರಿಗೆ ಹೆದರ್ತೀರಲ್ಲ" ಅಂತ.

ಈಗಿನ ಯೋಜನೆ ಹೀಗಿದೆ. ಸಂಕ್ರಾಂತಿ ಆದ ಮೇಲಿನ ಭಾನುವಾರ, ಒಂದೇ ದಿನ, ಊರಲ್ಲೇ. ನಾವು ಹೊರಗಿನಿಂದ ಹೋಗೋರು ಕೋಲಾರದಲ್ಲಿ ಉಳ್ಕೊಂಡು ಬೆಳಿಗ್ಗೆ ಬಸ್ಸಿನಲ್ಲಿ ಬರ್ತೀವಿ. ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಹೊಸ ಎಕ್ಸ್‌ಪ್ರೆಸ್‌ವೇ ಆಗಿರೋದರಿಂದ ಬೆಂಗಳೂರಿಂದ ನೇರ ಬರೋರಿಗೂ ಸುಲಭ. ಆದರೆ ಮಕ್ಕಳನ್ನು ಒಂದು ಸಲ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲಿನಲ್ಲಿ ಕರೆದುಕೊಂಡು ಹೋಗಬೇಕು ಅಂತ ನನ್ನ ಹಟ. ಹದಿನಾರು ಕಿಲೋಮೀಟರ್ ಇದ್ದೀತು, ಒಂದೊಂದು ಸ್ಟೇಷನ್ನಿನ ಹೆಸರೂ ಒಂದೊಂದು ಗಣಿಯ ನೆನಪು: ಕೋರಮಂಡಲ್, ಊರಿಗಾಂ, ಚಾಂಪಿಯನ್.

ಜಾಗಕ್ಕೆ ಹಳೇ ದೊರೆಗಳ ಕಾಲದ ಹಾಲೊಂದನ್ನು ಯಾರೋ ಸೂಚಿಸಿದರು. ಚೆಂದದ ಕಟ್ಟಡ. ಮಾವ "ನಮ್ಮಪ್ಪ ಅಂಥ ಗೇಟೊಳಗೆ ಹೋದದ್ದು ಹುಲ್ಲು ಕತ್ತರಿಸೋಕೆ, ಬೇಡ ಬಿಡಿ" ಅಂದರು. ಈಗ ಶಾಲೆ ಮೈದಾನದಲ್ಲಿ ಶಾಮಿಯಾನ. ಕುಡಿಯೋ ನೀರು ಕ್ಯಾನ್‌ಗಳಲ್ಲಿ, ಕೈಕಾಲಿಗೆ ಟ್ಯಾಂಕರ್. ಕೋಲಾರ ಜಿಲ್ಲೆಗೆ ಬತ್ತದ ನದಿ ಅನ್ನೋದೇ ಇಲ್ಲ. ಆ ಕಾಲದಲ್ಲಿ ಬೇತಮಂಗಲದ ಕೆರೆಯಿಂದ ಗಣಿಗೆ ಪೈಪಿನಲ್ಲಿ ನೀರು ತಂದರು. 1902ರಲ್ಲಿ ಶಿವನಸಮುದ್ರದಿಂದ ನೂರೈವತ್ತು ಕಿಲೋಮೀಟರ್ ತಂತಿ ಎಳೆದು ಕರೆಂಟ್ ತಂದರು. ಬಂಗಾರಕ್ಕಾದರೆ ಎಲ್ಲಿಂದ ಏನು ಬೇಕಾದರೂ ಬರುತ್ತೆ ನೋಡಿ.

ಶಾಫ್ಟ್‌ಗಳ ಹತ್ತಿರ ಹೋಗೋಕೆ ಅನುಮತಿ ಬೇಕು. ಸಿಗದಿದ್ದರೆ ಹೊರಗೆ ನಿಂತೇ ಚಕ್ರ ನೋಡೋದು. ಒಳಗೆಲ್ಲ ನೀರು ತುಂಬಿದೆ, ಬಿಸ್ಬಿಯ ಹಾಗೆ ರೈಲು ಹತ್ತಿಸಿ ಒಳಗೆ ಕರೆದುಕೊಂಡು ಹೋಗೋರು ಯಾರೂ ಇಲ್ಲ. 1965ರಲ್ಲಿ ಅದೇ ಚಾಂಪಿಯನ್ ರೀಫ್‌ನ ಆಳದಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ ಕಣಗಳನ್ನು ಹಿಡಿದರು, ಪ್ರಪಂಚದಲ್ಲೇ ಮೊದಲ ಸಾಲಿನ ಕೆಲಸ. ಇದನ್ನು ಬರೆದ ಒಂದು ಬೋರ್ಡು ಊರಲ್ಲಿ ಎಲ್ಲಾದರೂ ಇದ್ದಿದ್ದರೆ ನನ್ನ ಮಗಳ ಮುಂದೆ ಅದನ್ನು ಓದಿಸಬಹುದಿತ್ತು. ಮಾವನಿಗೆ ಆ ವಿಜ್ಞಾನಿಗಳ ಸಾಮಾನು ಕೇಜ್‌ನಲ್ಲಿ ಇಳಿಸಿದವರು ಯಾರು ಅಂತ ಹೆಸರು ಸಮೇತ ಗೊತ್ತು. ಶಾಮಿಯಾನದ ಕೆಳಗೆ ಮೈಕ್ ಅವರ ಕೈಗೇ.

ಕರೆಯೋಲೆ ಕನ್ನಡ, ತಮಿಳು ಎರಡರಲ್ಲೂ ಅಚ್ಚಾಗುತ್ತೆ. ತೆಲುಗಿನವರು ತಮಗೂ ಬೇಕು ಅಂದಿದ್ದಾರೆ, ಉರ್ದುವಿನದು ಮಾತಿನಲ್ಲಿದೆ. ಊಟ: ಬೆಳಿಗ್ಗೆ ಇಡ್ಲಿ, ಪೊಂಗಲ್. ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು, ಜನವರಿಯಲ್ಲಿ ಕೋಲಾರದಲ್ಲಿ ಬೇರೇನು ತಿನ್ನೋಕೆ ಮನಸ್ಸು ಬರುತ್ತೆ? ಬಿರಿಯಾನಿ ಬೇರೆ ಸಾಲಿನಲ್ಲಿ. ಎಷ್ಟು ಜನ ಬರ್ತಾರೋ ಇನ್ನೂ ಲೆಕ್ಕ ಸಿಕ್ಕಿಲ್ಲ. ನೂರು ಅಂತ ಶುರುಮಾಡಿದ್ದು, ಈಗ ಗೆಳೆಯ ಮುನ್ನೂರಕ್ಕೆ ಹೇಳಿಬಿಡು ಅಂತಿದ್ದಾನೆ.

ಮೊನ್ನೆ ಶಾಮಿಯಾನ, ಕುರ್ಚಿಯ ದುಡ್ಡು ಕಳಿಸ್ತೀನಿ, ಎಷ್ಟಾಯ್ತು ಹೇಳು ಅಂತ ಅವನಿಗೆ ಮೆಸೇಜ್ ಹಾಕಿದ್ದೆ. ರೈಲಿನಿಂದಲೇ ವಾಯ್ಸ್ ನೋಟ್ ಕಳಿಸಿದ, ಹಿಂದೆ ಕಡಲೆಕಾಯಿ ಮಾರೋನ ಕೂಗು ಕೇಳ್ತಿತ್ತು. "ಶಾಮಿಯಾನ ನಮ್ಮ ಕಂಪಾರ್ಟ್‌ಮೆಂಟಿನವರು ಹಾಕ್ತಾರೆ, ಆಗಲೇ ಚೀಟಿ ಎತ್ತಿದ್ದೀವಿ. ನೀವು ಟಿಕೆಟ್ ತಗೊಂಡು ಬನ್ನಿ, ಸಾಕು. ಬರೋವಾಗ ಮಾವನಿಗೆ ಸ್ವೆಟರ್ ಮರೀಬೇಡ."